ಸೆನ್ಸರ್ ಒಂದು ಹೇಳುತ್ತೆ, ಮಣ್ಣು ಇನ್ನೊಂದು: ಸಮುದಾಯ ಕೈತೋಟದ ನೀರಾವರಿಯಲ್ಲಿ ದೋಷ ಹುಡುಕುವ ಬಗೆ

ಅಪಾರ್ಟ್‌ಮೆಂಟಿನ ತಾರಸಿ, ಶಾಲೆಯ ಹಿತ್ತಲು, ಬಡಾವಣೆಯ ಖಾಲಿ ಮೂಲೆ, ಹೀಗೆ ನಾಲ್ಕಾರು ಮನೆಯವರು ಸೇರಿ ಸೊಪ್ಪು ತರಕಾರಿ ಬೆಳೆಯುವ ಕಡೆಗಳಲ್ಲಿ ಈಗ ಕಾಣುವ ಜೋಡಣೆ ಹೆಚ್ಚುಕಮ್ಮಿ ಒಂದೇ ಥರದ್ದು. ಪಾತಿಯಲ್ಲಿ ಕೆಪಾಸಿಟಿವ್ ಮಾದರಿಯ (ಬೋಳು ಲೋಹದ ಕಡ್ಡಿಯಿಲ್ಲದ, ಚಪ್ಪಟೆ ಪಟ್ಟಿಯಂಥ) ತೇವದ ಸೆನ್ಸರ್, ಡಬ್ಬಿಯೊಳಗೆ ಒಂದು ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟ್ಟ ಕಂಪ್ಯೂಟರ್), ಅದರ ಪಕ್ಕ ರಿಲೇ (ಬೋರ್ಡಿನ ಮಾತಿಗೆ ಆನ್, ಆಫ್ ಆಗುವ ಸ್ವಿಚ್ಚು), ಪೈಪಿಗೆ 12 ವೋಲ್ಟ್‌ನ ಸೊಲೆನಾಯ್ಡ್ ವಾಲ್ವ್ (ತಂತಿಯ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ತೆರೆಯುವ ವಾಲ್ವ್), ಆಮೇಲೆ ಡ್ರಿಪ್. ಈ ಕೈಪಿಡಿ ಆ ಜೋಡಣೆಗೆ.

ಕೆಟ್ಟಿದೆ ಅಂದ ಕೂಡಲೇ ಎಲ್ಲರೂ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಂ ನೋಡಲು ಕೂರುತ್ತಾರೆ. ನಿನ್ನೆಯವರೆಗೆ ಸರಿಯಾಗಿ ನಡೆದ ಪ್ರೋಗ್ರಾಂ ರಾತ್ರೋರಾತ್ರಿ ತಾನಾಗಿ ಬದಲಾಗುವುದಿಲ್ಲ. ಬದಲಾಗುವುದು ಮಣ್ಣು, ನೀರು, ತಂತಿ ಮತ್ತು ತೋಟಕ್ಕೆ ಬಂದುಹೋದ ಕೈಗಳು. ಹತ್ತು ಜನರ ತೋಟದಲ್ಲಿ ಕಳೆ ಕೀಳುವಾಗ ಯಾರೋ ಸೆನ್ಸರ್ ಎತ್ತಿ ಬೇರೆ ಕಡೆ ನೆಟ್ಟಿರುತ್ತಾರೆ, ಇನ್ಯಾರೋ ಗೇಟ್ ವಾಲ್ವ್ ತಿರುಗಿಸಿ ಹೋಗಿರುತ್ತಾರೆ. ಹಾಗಾಗಿ ಹುಡುಕಾಟ ಪಾತಿಯಿಂದ ಶುರುವಾಗಲಿ, ಡಬ್ಬಿಯಿಂದ ಬೇಡ.

ಕೈಯಲ್ಲಿರಬೇಕಾದದ್ದು ಇಷ್ಟು: ಸಾಧಾರಣ ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್, ಅಳತೆ ಗೆರೆ ಇರುವ ಲೋಟ, ಒಣ ಬಟ್ಟೆ, ಒಂದು ಹಳೇ ಹಲ್ಲುಜ್ಜುವ ಬ್ರಷ್. 230 ವೋಲ್ಟ್ ಇರುವ ಯಾವ ಭಾಗಕ್ಕೂ (ಪಂಪ್, ಸ್ಟಾರ್ಟರ್, ಅಡಾಪ್ಟರ್ ಚುಚ್ಚಿರುವ ಬೋರ್ಡು) ಒದ್ದೆ ಕೈಯಲ್ಲಿ, ಒದ್ದೆ ನೆಲದಲ್ಲಿ ನಿಂತು ಕೈ ಹಾಕಬೇಡಿ. ಡಬ್ಬಿ ಬಿಚ್ಚುವ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಫೋನಿನಲ್ಲಿ ತೇವ ಶೇ. 80, ಗಿಡ ಮಾತ್ರ ಬಾಡಿದೆ

ಮೊದಲು ಗಡಿಯಾರ ನೋಡಿ. ಬಿರುಬಿಸಿಲಿನ ಮಧ್ಯಾಹ್ನ ಬದನೆ, ಕುಂಬಳದ ಎಲೆ ಜೋತುಬಿದ್ದು ಸಂಜೆಗೆ ಮತ್ತೆ ನೆಟ್ಟಗಾದರೆ ಅದು ದೋಷವಲ್ಲ. ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆರುತ್ತಿದೆ, ಅಷ್ಟೆ. ಬೆಳಿಗ್ಗೆ ಏಳು ಗಂಟೆಗೂ ಬಾಡಿಯೇ ಇದ್ದರೆ ಮುಂದಕ್ಕೆ ಹೋಗಿ.

ಸೆನ್ಸರ್‌ನಿಂದ ಒಂದು ಗೇಣು ಆಚೆ ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ, ಅಲ್ಲಿನ ಮಣ್ಣು ತೆಗೆದು ಉಂಡೆ ಕಟ್ಟಿ. ಕೆಮ್ಮಣ್ಣು ಹದವಾಗಿದ್ದರೆ ಉಂಡೆ ನಿಲ್ಲುತ್ತದೆ, ಹೆಬ್ಬೆರಳಿಂದ ಒತ್ತಿದರೆ ಒಡೆಯುತ್ತದೆ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಹೆಚ್ಚಾಗಿದೆ. ಉಂಡೆಯೇ ಆಗದೆ ಉದುರಿದರೆ ಒಣಗಿದೆ.

ಮಣ್ಣು ನಿಜಕ್ಕೂ ಒದ್ದೆ ಇದ್ದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ, ತೊಂದರೆ ಗಿಡದ್ದು. ನೀರು ಹೆಚ್ಚಾಗಿ ಬೇರು ಕೊಳೆತಿರಬಹುದು. ಗ್ರೋ ಬ್ಯಾಗಿನ ತಳದ ತೂತು ಕಟ್ಟಿದೆಯೇ ನೋಡಿ. ಟೊಮೆಟೊ, ಬದನೆಯಾದರೆ ಇನ್ನೊಂದು ಪರೀಕ್ಷೆ ಮಾಡಬೇಕು. ಬಾಡಿದ ಗಿಡದ ಬುಡದ ಕಾಂಡವನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ತಾಗಿಸಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅದಕ್ಕೆ ನೀರೂ ಔಷಧವಲ್ಲ, ಸೆನ್ಸರ್ ಬದಲಿಸುವುದೂ ಔಷಧವಲ್ಲ. ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದು ಹೊರಹಾಕಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಕತ್ತರಿಸಿದ ಚಾಕುವನ್ನು ತೊಳೆಯದೆ ಪಕ್ಕದ ಗಿಡ ಮುಟ್ಟಬೇಡಿ.

ಮಣ್ಣು ಒಣಗಿದ್ದು ಸೆನ್ಸರ್ ಮಾತ್ರ ಒದ್ದೆ ಅಂದರೆ, ಹೆಚ್ಚಾಗಿ ಅದು ಡ್ರಿಪ್ಪರ್‌ನ ಬಾಯಿಯ ಕೆಳಗೇ ಕೂತಿರುತ್ತದೆ. ಈ ಸೆನ್ಸರ್ ತನ್ನ ಪಟ್ಟಿಗೆ ಅಂಟಿದ ಕೆಲವೇ ಮಿಲಿಮೀಟರ್ ಮಣ್ಣನ್ನು ಅಳೆಯುತ್ತದೆ, ಇಡೀ ಪಾತಿಯನ್ನಲ್ಲ. ತೊಟ್ಟಿಕ್ಕುವ ಜಾಗ ಸದಾ ಒದ್ದೆ, ಉಳಿದ ಪಾತಿ ಒಣ. ಡ್ರಿಪ್ಪರ್‌ನಿಂದ 10ರಿಂದ 15 ಸೆಂ.ಮೀ. ದೂರಕ್ಕೆ, ಬೇರು ಹರಡಿರುವ ಕಡೆ ಸರಿಸಿ.

ಜಾಗ ಸರಿಯಿದ್ದರೆ ಸೆನ್ಸರನ್ನು ಕಿತ್ತು, ತೊಳೆದು, ಒರೆಸಿ, ಗಾಳಿಯಲ್ಲಿ ಹಿಡಿದು ಅದರ ಸಿಗ್ನಲ್ ತಂತಿಯ ವೋಲ್ಟೇಜು ಓದಿ. ಆಮೇಲೆ ಲೋಟದ ನೀರಿನಲ್ಲಿ ಪಟ್ಟಿಯ ಮೇಲಿನ ಗೆರೆಯವರೆಗೆ ಮಾತ್ರ ಅದ್ದಿ ಓದಿ. ಈ ಮಾದರಿಯಲ್ಲಿ ಒಣಗಿದ್ದಾಗ ವೋಲ್ಟೇಜು ಹೆಚ್ಚು, ಒದ್ದೆಯಾದಾಗ ಕಡಿಮೆ. ಗಾಳಿಯಲ್ಲಿ ಸುಮಾರಾಗಿ 2 ವೋಲ್ಟ್ ದಾಟಬೇಕು, ನೀರಿನಲ್ಲಿ 1ರಿಂದ 1.5ರ ಆಸುಪಾಸಿಗೆ ಇಳಿಯಬೇಕು. ಒರೆಸಿ ಒಣಗಿಸಿದ ಮೇಲೂ ಗಾಳಿಯಲ್ಲಿನ ಓದು ಕೆಳಗೇ ಉಳಿದರೆ ಪಟ್ಟಿಯೊಳಕ್ಕೆ ನೀರು ಹೊಕ್ಕಿದೆ. ಪಟ್ಟಿಯ ಮುಖಕ್ಕೆ ಬಣ್ಣದ ಲೇಪ ಇದ್ದರೂ ಕತ್ತರಿಸಿದ ಅಂಚು ಬೋಳು. ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನಲ್ಲಿ ಫೈಬರ್ ಎಳೆ ಬೆಳ್ಳಗೆ ಕಾಣುತ್ತದೆ, ನೀರು ಅಲ್ಲಿಂದಲೇ ಏರುವುದು. ಎರಡು ದಿನ ನೆರಳಲ್ಲಿ ಒಣಗಿಸಿ, ಅಂಚುಗಳಿಗೆ ನೇಲ್ ಪಾಲಿಷನ್ನು ಎರಡು ಮೂರು ಸಲ ಬಳಿಯಿರಿ, ಮೇಲ್ಭಾಗದ ಎಲೆಕ್ಟ್ರಾನಿಕ್ ಚಿಪ್ಪುಗಳಿಗೆ ಹೀಟ್ ಶ್ರಿಂಕ್ ತೋಳು (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಹೊಸ ಸೆನ್ಸರ್ ನೆಡುವ ಮುಂಚೆಯೇ ಇಷ್ಟು ಮಾಡಿದರೆ ಒಂದು ಮಳೆಗಾಲಕ್ಕೇ ಸಾಯುವುದು ತಪ್ಪುತ್ತದೆ.

ಎರಡು ಲೋಹದ ಕಡ್ಡಿಯ ಹಳೇ ಮಾದರಿ ಇದ್ದರೆ ಲೆಕ್ಕ ಬೇರೆ. ಅದು ಅಳೆಯುವುದು ವಿದ್ಯುತ್ ಹರಿಯುವ ಸುಲಭವನ್ನು. ಗೊಬ್ಬರದ ಉಪ್ಪು ಹೆಚ್ಚಾದರೆ ಮಣ್ಣು ಇರುವುದಕ್ಕಿಂತ ಒದ್ದೆ ಅಂತ ತೋರಿಸುತ್ತದೆ. ಸದಾ ಕರೆಂಟ್ ಹರಿಯುತ್ತಿದ್ದರೆ ಒಂದು ಕಡ್ಡಿ ಕರಗಿ ಹಸಿರುಗಟ್ಟುತ್ತದೆ. ಅದನ್ನು ರಿಪೇರಿ ಮಾಡುತ್ತ ಕೂರಬೇಡಿ, ಕೆಪಾಸಿಟಿವ್‌ಗೆ ಬದಲಿಸಿ.

ನೀರು ಹಾಕಿದರೂ ಅಂಕಿ ಅಲ್ಲಾಡುವುದಿಲ್ಲ

ಮಣ್ಣಿಗೂ ಪಟ್ಟಿಗೂ ನಡುವೆ ಗಾಳಿ ಸೇರಿದ್ದರೆ ಸೆನ್ಸರ್ ಗಾಳಿಯನ್ನೇ ಅಳೆಯುತ್ತದೆ. ಎರೆಮಣ್ಣು ಒಣಗಿ ಬಿರುಕು ಬಿಡುವಾಗ ಪಟ್ಟಿಯ ಪಕ್ಕದಲ್ಲೇ ಬಿರಿಯುವುದು ಸಾಮಾನ್ಯ. ಕೊಕೊಪೀಟ್ ತುಂಬಿದ ಚೀಲದಲ್ಲಿ ಮಿಶ್ರಣವೇ ಸಡಿಲ. ಚಾಕುವಿನಿಂದ ಸೀಳು ಮಾಡಿ, ಅದೇ ಪಾತಿಯ ಮಣ್ಣನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಸುರಿದು, ಪಟ್ಟಿ ಇಳಿಸಿ ಸುತ್ತ ಒತ್ತಿ. ಕಲ್ಲಿಗೆ ತಾಗಿದರೆ ಬಲ ಹಾಕಿ ತುರುಕಬೇಡಿ, ಲೇಪ ಗೀಚುತ್ತದೆ.

ನೆಟ್ಟಿದ್ದು ಸರಿಯಿದ್ದರೆ ತಂತಿ ನೋಡಿ. ಜಂಪರ್ ತಂತಿಯ ತುದಿ ಹೊರಗಿನ ಗಾಳಿಗೆ ಬೇಗ ಕಿಲುಬು ಹಿಡಿಯುತ್ತದೆ. ಕಿತ್ತು, ಬ್ರಷ್ ಮಾಡಿ, ಮತ್ತೆ ಚುಚ್ಚಿ. ಅಂಕಿ ಸದಾ 4095 (ಬೋರ್ಡು ಓದಬಲ್ಲ ಗರಿಷ್ಠ ಅಂಕಿ) ಅಥವಾ ಸದಾ 0 ಅಂತ ನಿಂತಿದ್ದರೆ ತಂತಿ ಕಡಿದಿದೆ, ಇಲ್ಲವೇ ಶಾರ್ಟ್ ಆಗಿದೆ ಅನ್ನುವುದು ಮೊದಲ ಗುಮಾನಿ.

ವೈಫೈ ಇಲ್ಲದೆ ಪರೀಕ್ಷಿಸಿದಾಗ ಸರಿ, ವೈಫೈ ಸೇರಿಸಿದ ಕೂಡಲೇ ಓದು ಸತ್ತುಹೋಗುತ್ತದೆಯೇ? ಆಗ ಸೆನ್ಸರ್ ತಪ್ಪು ಪಿನ್ನಿನಲ್ಲಿದೆ. ಇಎಸ್‌ಪಿ32ರಲ್ಲಿ 0, 2, 4, 12ರಿಂದ 15, 25ರಿಂದ 27ನೇ ಪಿನ್ನುಗಳು ವೈಫೈ ನಡೆಯುವಾಗ ವೋಲ್ಟೇಜು ಓದಲು ಒದಗುವುದಿಲ್ಲ. 32ರಿಂದ 36 ಅಥವಾ 39ಕ್ಕೆ ಬದಲಿಸಿ.

ಹೊಸದಾಗಿ ತಂದ ಸೆನ್ಸರೇ ಹೀಗಾದರೆ ಅದರ ಮೇಲಿನ ಎಂಟು ಕಾಲಿನ ಚಿಪ್ಪನ್ನು ಫೋನಿನ ಕ್ಯಾಮರಾದಲ್ಲಿ ದೊಡ್ಡದು ಮಾಡಿ ನೋಡಿ. ಟಿಎಲ್‌ಸಿ555 ಅಂತಿದ್ದರೆ 3.3 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಎನ್‌ಇ555 ಅಂತಿದ್ದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, 3.3 ಕೊಟ್ಟರೆ ಮಲಗಿರುತ್ತದೆ. ಹಾಗೆಂದು ಸೀದಾ 5 ವೋಲ್ಟ್ ಕೊಡಬೇಡಿ. ಕೆಲವು ಅಗ್ಗದ ಪಟ್ಟಿಗಳಲ್ಲಿ ವೋಲ್ಟೇಜು ಇಳಿಸುವ ಮೂರು ಕಾಲಿನ ರೆಗ್ಯುಲೇಟರ್ ಇರುವುದಿಲ್ಲ, ಹೊರಬರುವ ಸಿಗ್ನಲ್ 3.3 ದಾಟಿ ಬೋರ್ಡಿನ ಪಿನ್ನು ಸುಡುತ್ತದೆ. ಆ ಪಟ್ಟಿಯನ್ನು ಅಂಗಡಿಗೆ ವಾಪಸ್ ಕೊಡುವುದೇ ಅಗ್ಗ.

ಅಂಕಿ ಸುಮ್ಮನೆ ಕುಣಿಯುತ್ತದೆ

ಒಂದು ಓದಿಗೂ ಮುಂದಿನ ಓದಿಗೂ ಶೇ. 2–3 ವ್ಯತ್ಯಾಸ ಸಹಜ. ಹತ್ತು ಸಲ ಓದಿ ನಡುವಿನ ಅಂಕಿ ತೆಗೆದುಕೊಂಡರೆ ತಣ್ಣಗಾಗುತ್ತದೆ. ಬಿಸಿಲೇರಿದಂತೆ ನಿಧಾನ ಏರಿ ಸಂಜೆ ಇಳಿಯುವುದೂ ಸಹಜ, ಅದು ಶಾಖದ ಪರಿಣಾಮ. ಹಾಗಾಗಿ ನೀರು ಬಿಡುವ ತೀರ್ಮಾನವನ್ನು ಬೆಳಿಗ್ಗೆ 6ರ ಓದಿನ ಮೇಲೆ ಇಡುವುದು ಒಳ್ಳೆಯದು.

ವಾಲ್ವ್ ಆನ್, ಆಫ್ ಆಗುವಾಗ ಮಾತ್ರ ಕುಣಿದರೆ ಅದು ವಿದ್ಯುತ್ತಿನದು. ಕಾಯಿಲ್ ಆಫ್ ಆಗುವ ಗಳಿಗೆಯಲ್ಲಿ ಎದುರು ದಿಕ್ಕಿನ ದೊಡ್ಡ ವೋಲ್ಟೇಜು ಚಿಮ್ಮುತ್ತದೆ. ವಾಲ್ವಿನ ಎರಡು ಕಾಲಿಗೆ ಅಡ್ಡವಾಗಿ 1ಎನ್4007 ಡಯೋಡ್ ಹಾಕಿ, ಬೆಳ್ಳಿ ಪಟ್ಟೆ ಇರುವ ತುದಿ 12 ವೋಲ್ಟ್‌ನ ಕಡೆಗಿರಲಿ. ತಿರುಗಾಮುರುಗಾ ಹಾಕಿದರೆ ಶಾರ್ಟ್ ಆಗುತ್ತದೆ. ಇದು ಡಿಸಿ ವಾಲ್ವಿಗೆ ಮಾತ್ರ. 24 ವೋಲ್ಟ್ ಎಸಿ ವಾಲ್ವ್ ಇದ್ದರೆ ಡಯೋಡ್ ಹಾಕಲೇಬೇಡಿ.

ರಿಲೇ ಟಕ್ ಅಂದಿತು, ನೀರು ಬರಲಿಲ್ಲ

ಟ್ಯಾಂಕಿನಲ್ಲಿ ನೀರಿದೆಯೇ, ಗೇಟ್ ವಾಲ್ವ್ ತೆರೆದಿದೆಯೇ, ಫಿಲ್ಟರ್ ಕಟ್ಟಿದೆಯೇ? ಈ ಮೂರಕ್ಕೆ ಐದು ನಿಮಿಷವೂ ಬೇಡ. ಇದನ್ನು ಬಿಟ್ಟು ಮುಂದೆ ಹೋದವರು ಅರ್ಧ ದಿನ ಕಳೆದು ಮತ್ತೆ ಇಲ್ಲಿಗೇ ಬರುತ್ತಾರೆ.

ಆಮೇಲೆ ವಾಲ್ವಿನ ಮೈ ಮುಟ್ಟಿ. ಚಾಲೂ ಆದಾಗ ಸಣ್ಣ ಅದುರು ಇರಬೇಕು, ಹತ್ತು ನಿಮಿಷಕ್ಕೆ ಬೆಚ್ಚಗಾಗಬೇಕು. ಎರಡೂ ಇಲ್ಲದಿದ್ದರೆ ವಾಲ್ವಿನ ಕಾಲುಗಳಲ್ಲೇ ವೋಲ್ಟೇಜು ಅಳೆಯಿರಿ, ಡಬ್ಬಿಯ ಹತ್ತಿರವಲ್ಲ. ಡಬ್ಬಿಯಲ್ಲಿ 12 ಇದ್ದು ವಾಲ್ವಿನಲ್ಲಿ 10.5 ಇದ್ದರೆ ತಂತಿ ತೆಳ್ಳಗಾಯಿತು. 0.2 ಚದರ ಮಿ.ಮೀ. ತಂತಿಯನ್ನು 20 ಮೀಟರ್ ಎಳೆದರೆ ಹೋಗಿಬರುವ ದಾರಿ 40 ಮೀಟರ್. 400 ಮಿಲಿಆಂಪ್ ಎಳೆಯುವ ವಾಲ್ವಿಗೆ ಅಷ್ಟರಲ್ಲೇ ಸುಮಾರು ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ. 0.75 ಅಥವಾ 1 ಚದರ ಮಿ.ಮೀ. ತಂತಿ ಎಳೆಯಿರಿ.

ವೋಲ್ಟೇಜು ಸರಿಯಿದ್ದೂ ಸದ್ದಿಲ್ಲದಿದ್ದರೆ ತಂತಿ ಬಿಚ್ಚಿ ಕಾಯಿಲ್‌ನ ಓಮ್ ಅಳೆಯಿರಿ. ಅರ್ಧ ಇಂಚಿನ ಪ್ಲಾಸ್ಟಿಕ್ ವಾಲ್ವಿನಲ್ಲಿ ಸಾಮಾನ್ಯವಾಗಿ 20ರಿಂದ 50 ಓಮ್ ಒಳಗೆ ಬರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ, ವಾಲ್ವ್ ಬದಲಿಸಿ.

ಸದ್ದು ಇದೆ, ವೋಲ್ಟೇಜು ಇದೆ, ನೀರು ಮಾತ್ರ ಎಳೆಯಂತೆ ಬರುತ್ತದೆ ಅಂದರೆ ಟ್ಯಾಂಕಿನ ಎತ್ತರ ಅಳೆಯಿರಿ. ಅಗ್ಗದ ಸೊಲೆನಾಯ್ಡ್ ವಾಲ್ವುಗಳಲ್ಲಿ ರಬ್ಬರ್ ಪೊರೆಯನ್ನು ಎತ್ತುವುದು ಕಾಯಿಲ್ ಅಲ್ಲ, ನೀರಿನ ಒತ್ತಡವೇ. ಅವುಗಳ ಮೈಮೇಲೆ 0.02 ಎಂಪಿಎ ಅಂತ ಕನಿಷ್ಠ ಒತ್ತಡ ಅಚ್ಚಾಗಿರುವುದುಂಟು. ಅಂದರೆ ಸುಮಾರು 2 ಮೀಟರ್ ಎತ್ತರದ ನೀರು. ತಾರಸಿಯ ಮೇಲೆ ನಾಲ್ಕು ಇಟ್ಟಿಗೆ ಇಟ್ಟು ಕೂರಿಸಿದ ಡ್ರಮ್ಮಿಗೆ ಅಷ್ಟು ಒತ್ತಡ ಬರುವುದಿಲ್ಲ. ಎಷ್ಟು ವಾಲ್ವ್ ಬದಲಿಸಿದರೂ ಅದೇ ಕತೆ. ಇಂಥ ಕಡೆ ಸೊನ್ನೆ ಒತ್ತಡಕ್ಕೂ ತೆರೆಯುವ ನೇರ ಮಾದರಿ ಇಲ್ಲವೇ ಮೋಟರ್ ಇರುವ ಬಾಲ್ ವಾಲ್ವ್ ಬೇಕು.

ಕೆಲವು ಗಿಡಕ್ಕೆ ಮಾತ್ರ ನೀರಿಲ್ಲವೇ? ಗಂಟೆಗೆ 4 ಲೀಟರಿನ ಡ್ರಿಪ್ಪರ್ ಕೆಳಗೆ ಲೋಟ ಇಡಿ, 3 ನಿಮಿಷಕ್ಕೆ 200 ಮಿ.ಲೀ. ಬರಬೇಕು. ಡ್ರಮ್ಮಿನ ಕಡಿಮೆ ಒತ್ತಡದಲ್ಲಿ ಅಷ್ಟು ಬರುವುದಿಲ್ಲ, ಆಗ ಎಲ್ಲ ಡ್ರಿಪ್ಪರ್‌ಗಳನ್ನೂ ಒಂದಕ್ಕೊಂದು ಹೋಲಿಸಿ. ಅರ್ಧಕ್ಕಿಂತ ಕಡಿಮೆ ಬಂದದ್ದು ಕಟ್ಟಿದೆ. ಬೋರ್‌ವೆಲ್‌ನ ಗಡುಸು ನೀರಾದರೆ ಬಿಳಿ ಸುಣ್ಣ. ಡ್ರಿಪ್ಪರ್ ಕಿತ್ತು ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ. ಎಸ್‌ಟಿಪಿ (ಕೊಳಚೆ ಶುದ್ಧೀಕರಿಸಿದ) ನೀರಾದರೆ ಲೋಳೆಯಂಥ ಪಾಚಿ. ಪೈಪಿನ ಕೊನೆಯ ಬಿರಡೆ ತೆಗೆದು ನೀರು ತಿಳಿಯಾಗುವವರೆಗೆ ಹರಿಸಿ, 120 ಮೆಶ್ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಿರಿ. ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಬೆರೆಸಬೇಡಿ, ಒಂದರ ಬೆನ್ನಿಗೇ ಇನ್ನೊಂದನ್ನು ಪೈಪಿಗೆ ಬಿಡಲೂ ಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟಿಸುತ್ತದೆ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಹೇಳಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಂಥ ಬೇಸಿಗೆಗಳಲ್ಲಿ ತೋಟಕ್ಕೆ ಉಳಿಯುವುದು ಎಸ್‌ಟಿಪಿ ನೀರೇ. ಅದನ್ನು ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಗೆ ಚಿಮುಕಿಸಬೇಡಿ, ಬುಡಕ್ಕೆ ಡ್ರಿಪ್‌ನಲ್ಲಿ ಮಾತ್ರ ಕೊಡಿ.

ವಾಲ್ವ್ ಮುಚ್ಚುವುದೇ ಇಲ್ಲ, ಬೆಳಿಗ್ಗೆ ನೋಡಿದರೆ ಟ್ಯಾಂಕು ಖಾಲಿ

ಎಲ್ಲ ದೋಷಗಳಲ್ಲಿ ಇದು ಹೆಚ್ಚು ನೋಯಿಸುವುದು. ಒಬ್ಬರ ತಪ್ಪಿಗೆ ಇಡೀ ಕಟ್ಟಡದ ನೀರು ಹೋಗುತ್ತದೆ. ಮೊದಲು ಗೇಟ್ ವಾಲ್ವ್ ಮುಚ್ಚಿ ನೀರು ಉಳಿಸಿಕೊಳ್ಳಿ.

ಆಮೇಲೆ ಗೇಟ್ ವಾಲ್ವ್ ತುಸು ತೆರೆದು, ಸೊಲೆನಾಯ್ಡಿನ ಒಂದು ತಂತಿ ಕಿತ್ತು ನೋಡಿ. ತಂತಿ ಕಿತ್ತ ಮೇಲೂ ನೀರು ಹರಿದರೆ ದೋಷ ವಾಲ್ವಿನೊಳಗೆ. ನಿಂತರೆ ದೋಷ ವಿದ್ಯುತ್ತಿನ ಕಡೆ. ಇದೊಂದು ಪರೀಕ್ಷೆ ಅರ್ಧ ಹುಡುಕಾಟ ಉಳಿಸುತ್ತದೆ.

ವಾಲ್ವಿನೊಳಗಾದರೆ ಬಾಣದ ಗುರುತು ನೀರು ಹರಿಯುವ ದಿಕ್ಕಿಗಿದೆಯೇ ನೋಡಿ. ಇದ್ದರೆ ನಾಲ್ಕು ಸ್ಕ್ರೂ ಬಿಚ್ಚಿ ಪೊರೆ ಎತ್ತಿ. ಅದರಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತಿರುತ್ತದೆ, ಒಂದೇ ಮರಳಿನ ಕಣ ಅಲ್ಲಿ ಕೂತರೂ ಪೊರೆ ಕೆಳಗಿಳಿಯುವುದಿಲ್ಲ. ತೊಳೆದು, ಸ್ಪ್ರಿಂಗ್ ಇದ್ದಂತೆಯೇ ಕೂರಿಸಿ. ಚುಚ್ಚಿ ತೂತು ದೊಡ್ಡದು ಮಾಡಬೇಡಿ.

ವಿದ್ಯುತ್ತಿನ ಕಡೆಯಾದರೆ ರಿಲೇ ಮೇಲಿನ ದೀಪ ನೋಡಿ. 5 ವೋಲ್ಟ್‌ನ ರಿಲೇಗೆ ಇಎಸ್‌ಪಿ32ರ 3.3 ವೋಲ್ಟ್ ಸಿಗ್ನಲ್ ಕೊಟ್ಟಾಗ ಕೆಲವು ಮಾಡ್ಯೂಲ್‌ಗಳು ಆಫ್ ಆಗುವುದಿಲ್ಲ. ಅವು ಸಿಗ್ನಲ್ ಕೆಳಗಿಳಿದಾಗ ಆನ್ ಆಗುವ ಥರದವು, ಆಫ್ ಮಾಡಲು 3.3 ಸಾಲದೆ ದೀಪ ಮಂದವಾಗಿ ಉರಿಯುತ್ತಲೇ ಇರುತ್ತದೆ. ಮಾಡ್ಯೂಲಿನಲ್ಲಿ ಜೆಡಿ-ವಿಸಿಸಿ ಅನ್ನುವ ಜಂಪರ್ ಇದ್ದರೆ ತೆಗೆದು, ಜೆಡಿ-ವಿಸಿಸಿಗೆ 5, ವಿಸಿಸಿಗೆ 3.3 ವೋಲ್ಟ್ ಕೊಡಿ. ದೀಪ ಆರಿದ್ದೂ ವಾಲ್ವ್ ಚಾಲೂ ಇದ್ದರೆ ರಿಲೇಯ ಒಳಗಿನ ಬಿಂದು ಬೆಸೆದುಕೊಂಡಿದೆ, ಬದಲಿಸಿ. ಡಬ್ಬಿ ತೆರೆದಾಗ ಇರುವೆ ಗೂಡು ಕಂಡರೆ ಆಶ್ಚರ್ಯ ಬೇಡ. ಬ್ರಷ್‌ನಿಂದ ತೆಗೆದು, ತಂತಿ ಒಳಹೋಗುವ ತೂತಿಗೆ ಕೇಬಲ್ ಗ್ಲ್ಯಾಂಡ್ ಹಾಕಿ. ಇರುವೆ ಪುಡಿ, ಸ್ಪ್ರೇ ಡಬ್ಬಿಯೊಳಗೆ ಬೇಡ.

ಎಲ್ಲವೂ ಸರಿ, ಆದರೂ ಟ್ಯಾಂಕು ಖಾಲಿಯೇ? ಆಗ ಸೆನ್ಸರ್ ಪಾತಿಯಿಂದ ಹೊರಗೆ ಬಿದ್ದಿದೆ. ಗಾಳಿಯಲ್ಲಿ ಅದು ‘ಒಣ’ ಅನ್ನುತ್ತದೆ, ಬೋರ್ಡು ರಾತ್ರಿಯಿಡೀ ನೀರು ಬಿಡುತ್ತದೆ. ಇದಕ್ಕೆ ಮದ್ದು ಪ್ರೋಗ್ರಾಂನಲ್ಲಿದೆ: ಸೆನ್ಸರ್ ಏನೇ ಹೇಳಲಿ, 5 ನಿಮಿಷ ಬಿಟ್ಟು 20 ನಿಮಿಷ ನಿಂತು ಮತ್ತೆ ಓದಬೇಕು, ದಿನಕ್ಕೆ ಒಟ್ಟು 20 ನಿಮಿಷ ದಾಟಬಾರದು. ಮೂರು ಸಲ ನೀರು ಬಿಟ್ಟರೂ ಓದು ಬದಲಾಗದಿದ್ದರೆ ವಾಲ್ವ್ ಮುಚ್ಚಿ ಎಚ್ಚರಿಕೆ ಕಳಿಸಬೇಕು. ಈ ಮಿತಿ ಇಲ್ಲದ ಜೋಡಣೆಯನ್ನು ಸಾಮೂಹಿಕ ಟ್ಯಾಂಕಿಗೆ ಸೇರಿಸಲೇಬಾರದು.

ಹಗಲು ಮಾಹಿತಿ ಬರುತ್ತದೆ, ರಾತ್ರಿ ನಿಲ್ಲುತ್ತದೆ

ಸೋಲಾರ್ ಜೋಡಣೆಯಾದರೆ ಪ್ಯಾನೆಲ್ ಒರೆಸಿ, ಮೇಲೆ ಹೊಸದಾಗಿ ಚಾಚಿದ ನುಗ್ಗೆ ಕೊಂಬೆಯ ನೆರಳಿದೆಯೇ ನೋಡಿ. ಸಂಜೆ 6ಕ್ಕೆ ಲಿಥಿಯಂ ಸೆಲ್ಲಿನ ವೋಲ್ಟೇಜು ಅಳೆಯಿರಿ. 4ರ ಮೇಲಿದ್ದು ಬೆಳಗಾಗುವುದರೊಳಗೆ 3.2ಕ್ಕೆ ಬಿದ್ದರೆ ಸೆಲ್ ಮುದಿಯಾಗಿದೆ, ಇಲ್ಲವೇ ಬೋರ್ಡು ನಿದ್ದೆಗೆ ಹೋಗುತ್ತಿಲ್ಲ. ಸಂಜೆಯೇ 3.6 ಇದ್ದರೆ ಚಾರ್ಜಿಂಗ್ ಸಾಲದು. ಊದಿದ, ಬಿಸಿಯಾಗುವ, 2.5 ವೋಲ್ಟ್‌ಗಿಂತ ಕೆಳಗಿಳಿದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಬೇಡಿ. ಕಸದ ಬುಟ್ಟಿಗೂ ಬೇಡ, ಇ-ತ್ಯಾಜ್ಯಕ್ಕೆ ಕೊಡಿ.

ಅಡಾಪ್ಟರ್‌ನಲ್ಲೇ ನಡೆಯುವ ಬೋರ್ಡು ಪದೇಪದೇ ತಾನಾಗಿ ಶುರುವಾದರೆ, ವೈಫೈ ಸಿಗ್ನಲ್ ಕಳಿಸುವ ಕ್ಷಣದಲ್ಲಿ ವೋಲ್ಟೇಜು ಕುಸಿಯುತ್ತಿದೆ. ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. ಆಮೇಲೆ ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಬೋರ್ಡು ಬದುಕಿದ್ದೂ ಮಾಹಿತಿ ಇಲ್ಲದಿದ್ದರೆ, ಯಾರಾದರೂ ವೈಫೈ ಪಾಸ್‌ವರ್ಡ್ ಬದಲಿಸಿದರೇ ಕೇಳಿ. ಹೊಸ ರೂಟರ್ 5 ಗಿಗಾಹರ್ಟ್ಸ್‌ಗೆ ಮಾತ್ರ ಇಟ್ಟಿದ್ದರೆ ಇಎಸ್‌ಪಿ32ಕ್ಕೆ ಅದು ಕಾಣುವುದೇ ಇಲ್ಲ. ಅದಕ್ಕೆ ಬೇಕಾದದ್ದು 2.4.

ಮಣ್ಣಿನ ಉಷ್ಣಾಂಶ 85 ಡಿಗ್ರಿ, ಅಥವಾ ಮೈನಸ್ 127

ಇವು ಅಳತೆಗಳಲ್ಲ, ಡಿಎಸ್18ಬಿ20 ಸೆನ್ಸರಿನ ದೂರುಗಳು. ಮೈನಸ್ 127 ಅಂದರೆ ತಂತಿ ಕಡಿದಿದೆ. 85 ಅಂದರೆ ಅಳೆದು ಮುಗಿಸುವ ಮುಂಚೆಯೇ ಓದಲಾಗಿದೆ, ಇಲ್ಲವೇ ನಡುವೆ ವಿದ್ಯುತ್ ಹೋಗಿ ಬಂದಿದೆ. ಡೇಟಾ ತಂತಿಗೂ 3.3 ವೋಲ್ಟ್‌ಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಇದೆಯೇ ನೋಡಿ. ಗಾಳಿಯ ಆರ್ದ್ರತೆಗಿಟ್ಟ ಡಿಎಚ್‌ಟಿ22 ಖಾಲಿ ಓದು ಕೊಟ್ಟರೆ ಎರಡು ಸೆಕೆಂಡಿಗಿಂತ ಬೇಗ ಕೇಳುತ್ತಿದ್ದೀರಿ. ಬಿಸಿಲಿಗೆ ನೇರ ಇಟ್ಟಿದ್ದರೆ ಅದು ಹೇಳುವುದು ಡಬ್ಬಿಯ ಶಾಖ, ಗಾಳಿಯದ್ದಲ್ಲ.

ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಪೈಪು, ನಲ್ಲಿ, ಡಬ್ಬಿ ಮುಟ್ಟಿದಾಗ ಜುಮ್ ಅಂದರೆ ಯಾರನ್ನೂ ಹತ್ತಿರ ಬಿಡಬೇಡಿ. ಮೇನ್ ಆಫ್ ಮಾಡಿಸಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಯಿರಿ. ಎಂಸಿಬಿ (ಕರೆಂಟ್ ಮಿತಿಮೀರಿ ಹರಿದರೆ ಬೀಳುವ ಸ್ವಿಚ್ಚು) ಇದೆ ಅಂತ ಧೈರ್ಯ ಬೇಡ, ಅದು ಮನುಷ್ಯನನ್ನು ಶಾಕ್‌ನಿಂದ ಕಾಯುವುದಿಲ್ಲ. ತೋಟದ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಬೀಳುವ ಸ್ವಿಚ್ಚು) ಬೇಕು. ಆರ್‌ಸಿಸಿಬಿ ಪದೇಪದೇ ಬಿದ್ದರೆ ಬಲವಂತವಾಗಿ ಎತ್ತಿ ನಿಲ್ಲಿಸಬೇಡಿ. ಪಂಪಿನ ಸ್ಟಾರ್ಟರ್, ಸಂಪಿನೊಳಗಿನ ತಂತಿ, ಸುಟ್ಟ ವಾಸನೆಯ ಅಡಾಪ್ಟರ್, ಇವು ಯಾವುವೂ ಸದಸ್ಯರ ಕೆಲಸವಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ತಾರಸಿಗೆ ಹೋಗಿ ಡಬ್ಬಿ ಬಿಚ್ಚುವುದಂತೂ ಬೇಡವೇ ಬೇಡ.

ರಿಪೇರಿ ಆದ ಮೇಲೆ ಪಾತಿಗೆ ಚೆನ್ನಾಗಿ ನೀರು ಹಾಯಿಸಿ, ಒಂದು ದಿನ ಬಿಟ್ಟು ಆ ಓದನ್ನು ‘ಹದ’ ಅಂತ ಬರೆದುಕೊಳ್ಳಿ. ಉಂಡೆ ಕಟ್ಟದಷ್ಟು ಒಣಗಿದ ದಿನದ ಓದನ್ನು ‘ಒಣ’ ಅಂತ ಬರೆಯಿರಿ. ಕೆಮ್ಮಣ್ಣಿನ ಅಂಕಿ ಕೊಕೊಪೀಟಿಗೆ ಆಗುವುದಿಲ್ಲ, ಪ್ರತಿ ಪಾತಿಗೂ ಬೇರೆ ಬೇಕು. ಈ ಎರಡು ಅಂಕಿ, ದಿನಾಂಕ, ಏನು ಬದಲಿಸಿದಿರಿ, ಯಾರು ಬದಲಿಸಿದರು, ಇಷ್ಟನ್ನೂ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ಸಲ ಡಬ್ಬಿ ತೆರೆಯುವವರು ಬೇರೆಯವರಿರುತ್ತಾರೆ.